ಬಣ್ಣದ ಸ್ಕ್ರೀನು, ತಮ್ಮನ ಎಡಗಿವಿ

ಅಂಗೈಯಷ್ಟಗಲದ ಒಂದು ಸ್ಕ್ರೀನಿನ ಸಲುವಾಗಿ ನಾನು ನನ್ನ ತಮ್ಮನ ಕಿವಿ ಒಡೆದೆ. ಮಾತಿಗೆ ಅಂದದ್ದಲ್ಲ. ಕಿವಿಯೊಳಗಿನ ತಮಟೆ ಹರಿದು, ರಕ್ತ ಕುತ್ತಿಗೆಗುಂಟ ಇಳಿದು, ಅವನ ಬನಿಯನ್ನಿನ ಹೆಗಲು ಕೆಂಪಾಗಿತ್ತು. ಭಾನುವಾರ, ಬೆಳಗಿನ ಎಂಟೂವರೆ. ಓಣಿಯ ಮಂದಿ ಇವತ್ತಿಗೂ ಅವನು ಬಚ್ಚಲದಾಗ ಜಾರಿ ಬಿದ್ದ ಅಂತಲೇ ನಂಬಿದ್ದಾರೆ. ಆ ಕತೆ ಕಟ್ಟಿದವನು ತಮ್ಮನೇ. ಅಣ್ಣನ ಮಾನ ಉಳಿಯಲಿ ಅಂತ ಕಟ್ಟಿದ. ಹಾಗೆ ಉಳಿದ ಮಾನ ಇಟ್ಟುಕೊಂಡು ನಾನೇನು ಮಾಡಲಿ? ಅದಕ್ಕೇ ನಡೆದದ್ದು ನಡೆದ ಹಾಗೆ ಬರೆಯುತ್ತಿದ್ದೇನೆ.

ಹೈದರಾಬಾದಿನ ಕುಷಾಯಿಗೂಡದಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು ಬಿಚ್ಚುವುದು, ಕರಕಲಾದ ತಂತಿಗೆ ಉಳಿ ಹಾಕಿ ಕಡಿದು ಕೀಳುವುದು, ಹೊಸ ತಾಮ್ರದ ತಂತಿ ಸುತ್ತಿ, ಕಟ್ಟಿಗೆಯ ಕೊಡತಿಯಿಂದ ಬಡಿದು ಬಡಿದು ಕೂರಿಸುವುದು. ದಿನವಿಡೀ ಹೊಡೆಯುವ ಕೆಲಸವೇ. ಶಾಲೆ ಬಿಟ್ಟದ್ದು ಏಳನೇ ಇಯತ್ತೆಯಲ್ಲಿ, ಬೀದರ್ ಜಿಲ್ಲೆಯ ನಮ್ಮೂರಲ್ಲಿ. ಗಣಿತದ ಮಾಸ್ತರರು ಬೆರಳು ಕೂಡಿಸಿ ಹಿಡಿಸಿ ಗೆಣ್ಣಿನ ಮೇಲೆ ರೂಲುಬಡಿಗೆಯಿಂದ ಹೊಡೆಯುತ್ತಿದ್ದರು. ಒಂದು ದಿನ ನಾನು ಆ ಬಡಿಗೆ ಕಸಿದುಕೊಂಡು ಅವರ ಮೊಣಕಾಲಿಗೆ ಎರಡು ಬಿಗಿದೆ. ಆವತ್ತು ಸಂಜೆ ಅಪ್ಪ ನನ್ನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಬಾರುಕೋಲಿನಿಂದ ಬಡಿದರು. ಮರುವಾರ ಹೈದರಾಬಾದಿನ ಬಸ್ಸು ಹತ್ತಿಸಿದರು.

ಇಲ್ಲಿ ಸಿಕ್ಕ ಉಸ್ತಾದರದು ಬೇರೆಯೇ ಒಂದು ಗಣಿತ. ತಂತಿ ಒಂದು ಸುತ್ತು ಹೆಚ್ಚಾದರೆ ಒಂದು ಏಟು, ಒಂದು ಸುತ್ತು ಕಡಿಮೆಯಾದರೆ ಎರಡು. "ಜ್ಯಾದಾ ಹುವಾ ತೋ ಮೋಟರ್ ಸೋತಾ, ಕಮ್ ಹುವಾ ತೋ ಜಲ್ತಾ," ಅನ್ನುವರು. ಹೆಚ್ಚಾದರೆ ಮೋಟಾರು ನಿದ್ದೆ ಮಾಡುತ್ತದೆ, ಕಡಿಮೆಯಾದರೆ ಸುಟ್ಟುಕೊಳ್ಳುತ್ತದೆ. ಹೊಡೆಯುತ್ತಿದ್ದದ್ದು ತಾಮ್ರದ ತಂತಿಯ ಹುರಿಯಿಂದ, ಮೊಣಕೈ ಕೆಳಗೆ. ಎರಡು ವರ್ಷದ ಮೇಲೆ ನನ್ನ ಎಣಿಕೆ ತಪ್ಪಲಿಲ್ಲ. ಆಮೇಲೆ ಇಪ್ಪತ್ತೆಂಟು ವರ್ಷದಲ್ಲಿಯೂ ತಪ್ಪಿಲ್ಲ. ಏಟು ತಿಂದೇ ಕೆಲಸ ಬಂದದ್ದು ಅಂತ ನಾನು ನಂಬಿದ್ದೆ. ನನಗಿಂತ ಹನ್ನೆರಡು ವರ್ಷ ಚಿಕ್ಕವನಾದ ತಮ್ಮನನ್ನು ಹೈದರಾಬಾದಿಗೆ ಕರೆಸಿ, ಡಿಪ್ಲೊಮಾ ಓದಿಸಿದಾಗಲೂ ಹಾಗೇ ನಡೆದುಕೊಂಡೆ. ಒಂದು ಪೇಪರು ಹೋದರೆ ಒಂದು ಕಪಾಳಕ್ಕೆ. ಅವನು ಎಂದೂ ಕೈ ಅಡ್ಡ ಹಿಡಿಯಲಿಲ್ಲ. ಓದಿದ, ಪಾಸಾದ, ಪಟಾನ್‌ಚೆರುವಿನ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಪಾಳಿಯ ಮುಖ್ಯಸ್ಥನಾದ.

ಕುಷಾಯಿಗೂಡದಿಂದ ಪಟಾನ್‌ಚೆರುವಿಗೆ ಕಂಪನಿ ಬಸ್ಸಿನಲ್ಲಿ ಹೋಗಲಿಕ್ಕೆ ಎರಡು ತಾಸು, ಬರಲಿಕ್ಕೆ ಎರಡು ತಾಸು. ಅಲ್ಲೇ ಮನೆ ಮಾಡು ಅಂತ ಎಲ್ಲರೂ ಹೇಳಿದರು. "ಅಣ್ಣ ಇಲ್ಲಿ ಅದಾನಲ್ಲ," ಅಂದು ನಾವಿಬ್ಬರೂ ಕೂಡಿ ಕಟ್ಟಿಸಿದ ಮನೆಯ ಮೇಲಿನ ಅಂತಸ್ತಿನಲ್ಲಿ ಹೆಂಡತಿಯ ಜೊತೆ ಉಳಿದ. ಕೆಳಗೆ ನಾನು, ನನ್ನ ಹೆಂಡತಿ.

ಅವನ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡುತ್ತಾರೆ. ಗ್ಯಾಸು ಸೋರಿದರೆ ಒಂದು ಥರದ ಸೈರನ್, ಬೆಂಕಿಗೆ ಇನ್ನೊಂದು ಥರ. ಎರಡನ್ನೂ ಕೇಳಿ ತಿಳಿಯದವನಿಗೆ ಪ್ಲಾಂಟಿನೊಳಗೆ ಕಾಲಿಡಲು ಬಿಡುವುದಿಲ್ಲ. ಅವನ ಕೆಳಗೆ ಹದಿನೆಂಟು ಮಂದಿ. "ಅಣ್ಣಾ, ಅಲ್ಲಿ ಕಣ್ಣಿಗಿಂತ ಕಿವಿ ಮೊದಲು," ಅಂತ ಅವನೇ ಒಮ್ಮೆ ಹೇಳಿದ್ದ.

ಇನ್ನು ನನ್ನ ರೇಡಿಯೊದ ಮಾತು. ಕಾರ್ಖಾನೆಯೊಂದರಿಂದ ರಿಟೈರಾದ ಹಿರಿಯರೊಬ್ಬರ ನೀರಿನ ಮೋಟಾರು ಕಟ್ಟಿಕೊಡಲು ಹೋದಾಗ ಅವರ ಮನೆಯಲ್ಲಿ ಹ್ಯಾಮ್ ರೇಡಿಯೊ ಕಂಡೆ. ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸು ತಗೊಂಡವರು ಮನೆಯಿಂದಲೇ ಗಾಳಿಯಲ್ಲಿ ಮಾತಾಡಬಹುದು. ಸಿಮ್ ಬೇಡ, ಟವರು ಬೇಡ. ಏಳನೇ ಇಯತ್ತೆಯವನು ಆ ಪರೀಕ್ಷೆಗೆ ಕೂತೆ. ಎರಡು ಸಲ ಬಿದ್ದೆ, ಮೂರನೇ ಸಲ ಗೆದ್ದೆ. ಸೆಟ್ಟನ್ನು ಕೊಳ್ಳಲಿಲ್ಲ, ನಾನೇ ಕಟ್ಟಿದೆ. ಕೇಳುವುದೂ ಕಳಿಸುವುದೂ ಒಂದೇ ಡಬ್ಬಿಯಲ್ಲಿ. ಬೇರೆಯವರು ಸಣ್ಣ ಕಾಯಿಲ್ ಸುತ್ತಲು ತಿಣುಕುತ್ತಾರೆ. ನನಗೆ ಅದು ಎಡಗೈ ಕೆಲಸ. ಅಲ್ಯುಮಿನಿಯಮ್ ತಗಡು ಕತ್ತರಿಸಿ ಡಬ್ಬಿ ಮಾಡಿದೆ. ಮುಂದೆ ಒಂದು ದೊಡ್ಡ ಗುಂಡಿ, ಮೇಲೆ ಎರಡು ಸಾಲು ಅಂಕಿ ತೋರಿಸುವ ಹಸಿರು ಪಟ್ಟಿ. ನಾಲ್ಕು ವರ್ಷ ಅದರಲ್ಲೇ ಮಾತಾಡಿದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕನ್ನಡದ ಎಂಟ್ಹತ್ತು ಮಂದಿ ಕೂಡುತ್ತೇವೆ, ಬೆಳಗಾವಿ, ರಾಯಚೂರು, ಸೊಲ್ಲಾಪುರ, ಎಲ್ಲೆಲ್ಲಿಂದಲೋ. ಅವರಲ್ಲಿ ಇಲ್ಲೇ ಹೈದರಾಬಾದಿನ ಕೊಂಡಾಪುರದ ಕಂಪ್ಯೂಟರ್ ಕಂಪನಿಯವನೊಬ್ಬ ಇದ್ದಾನೆ, ಧಾರವಾಡದ ಕಡೆಯವನು, ಬಾಯಿ ಸುಮ್ಮನಿರುವುದಿಲ್ಲ. ಒಂದು ಭಾನುವಾರ ಎಲ್ಲರೂ ಕೇಳುವಂತೆ ಅಂದ:

"ಸಾಹೇಬ್ರ, ನಿಮ್ಮ ದನಿ ಗಾಜಿನಂಗ ಐತ್ರಿ. ಆದ್ರ ಗ್ರೂಪಿನಾಗ ನಿಮ್ಮ ಸೆಟ್ಟಿನ ಫೋಟೊ ನೋಡಿದೆ. ಮಾರಿ ಮಾತ್ರ ಕಿರಾಣಿ ಅಂಗಡಿ ಕ್ಯಾಲ್ಕುಲೇಟರ್ ಇದ್ದಂಗ ಐತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೈಕು ಕೆಳಗಿಟ್ಟ ಮೇಲೆ ಮೇಜಿಗೆ ಎಷ್ಟು ಜೋರಾಗಿ ಗುದ್ದಿದೆನೆಂದರೆ ಚಾದ ಬಸಿ ಬಿದ್ದು ಒಡೆಯಿತು.

ಮರುದಿನವೇ ಬಣ್ಣದ ಟಚ್ ಸ್ಕ್ರೀನು ತರಿಸಿದೆ. ಅಂಕಿ ದೊಡ್ಡದಾಗಿ ಬರುತ್ತದೆ, ಸಿಗ್ನಲ್ಲಿನ ಮುಳ್ಳು ಬಣ್ಣದಲ್ಲಿ ಕುಣಿಯುತ್ತದೆ, ಬೆರಳಿಟ್ಟರೆ ಬ್ಯಾಂಡು ಬದಲಾಗುತ್ತದೆ. ಸೆಟ್ಟಿನ ಎದುರಿನ ತಗಡನ್ನು ಆಕ್ಸಾ ಬ್ಲೇಡಿನಿಂದ ಕೊಯ್ದೆ. ಬ್ಲೇಡು ಜಾರಿ ಎಡಗೈ ಹೆಬ್ಬೆರಳಿಗೆ ಬಿತ್ತು. ಬಟ್ಟೆ ಸುತ್ತಿಕೊಂಡು ಮತ್ತೆ ಕೊಯ್ದೆ. ಸ್ಕ್ರೀನು ಕೂರಿಸಿ ಸ್ಕ್ರೂ ಬಿಗಿದೆ. ಮೋಟಾರಿಗೆ ಬಿಗಿದ ಕೈ, ಅದಕ್ಕೆ ಸಾಕು ಅನ್ನುವುದು ತಿಳಿಯುವುದಿಲ್ಲ. ಮೂಲೆಯಿಂದ ಮೂಲೆಗೆ ಗಾಜು ಚಟ್ ಅಂತ ಸೀಳಿತು. ಕಿತ್ತು ಗೋಡೆಗೆ ಬೀಸಿ ಒಗೆದೆ.

ಹೆಂಡತಿ ಕಸಬರಿಗೆ ತಂದು ಚೂರು ಗುಡಿಸುತ್ತ ಕೇಳಿದಳು, "ಇದು ಎಷ್ಟನೇದ್ರಿ?"

"ಮೊದಲನೇದು."

"ಹಂಗಾರ ಇನ್ನೂ ಬರೋವು ಅದಾವ."

ಎರಡನೆಯದು ಬಂದಾಗ ತಮ್ಮ ತನ್ನ ಲ್ಯಾಪ್‌ಟಾಪು ತಗೊಂಡು ಕೆಳಗೆ ಬಂದ. ಸ್ಕ್ರೀನು ನಡೆಸುವ ಸಣ್ಣ ಬೋರ್ಡಿಗೆ ಪ್ರೋಗ್ರಾಮು ಹಾಕಬೇಕು, ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಅದು ನನ್ನ ಕೈಲಾಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ನಾನು ಸಹಾಯ ಕೇಳುವುದಿಲ್ಲ ಅಂತಲೂ ಗೊತ್ತಿತ್ತು. ಚಾ ಕುಡಿಯಲು ಬಂದವನಂತೆ ಬಂದು ಕೂತು ಕೆಲಸ ಮುಗಿಸಿದ. ಬಣ್ಣ ಬಂತು. ನಾಲ್ಕು ಮೂಲೆಯಲ್ಲಿ ಒಂದೊಂದು ಗುರುತು ಮೂಡುತ್ತದೆ, ಅದನ್ನು ಮುಟ್ಟಿ ಸ್ಕ್ರೀನಿಗೆ ಜಾಗ ಕಲಿಸಬೇಕು. ನಾನು ಹೆಬ್ಬೆರಳಿನಿಂದ ಒತ್ತಿದೆ.

"ಅಣ್ಣಾ, ಅದು ಪಂಪ್‌ಸೆಟ್ಟಿನ ಸ್ಟಾರ್ಟರ್ ಅಲ್ಲೋ ಮಾರಾಯಾ. ಮೆಲ್ಲಕ."

ಇಬ್ಬರೂ ನಕ್ಕೆವು. ಆಮೇಲೆ ಅವನು ಲ್ಯಾಪ್‌ಟಾಪಿನಲ್ಲಿ ಏನೋ ಓದಿ ಹೇಳಿದ, "ಇಲ್ಲಿ ಬರದಾರ ನೋಡು. ಈ ಸ್ಕ್ರೀನು ತಾನೇ ಗದ್ದಲ ಮಾಡ್ತೈತಂತ, ರಿಸೀವರ್‌ನಾಗ ಹೋಗ್ತೈತಂತ. ಹಿಂದ ಒಂದು ತಗಡಿನ ಮುಚ್ಚಳ ಹಾಕಿ ಗ್ರೌಂಡ್ ಮಾಡ್ರಿ ಅಂದಾರ."

"ಬರದವ್ರು ಕಟ್ಟಿದ ಸೆಟ್ಟಿನಾಗ ಬರ್ತಿರಬೇಕು. ನನ್ನ ಸೆಟ್ಟಿನಾಗ ಬರಂಗಿಲ್ಲ."

ಅವನು ಲ್ಯಾಪ್‌ಟಾಪು ಮಡಚಿದ.

ಆ ಭಾನುವಾರ ಎಂಟಕ್ಕೆ ಐದು ನಿಮಿಷ ಮುಂಚೆಯೇ ಕೂತೆ. ಸ್ಕ್ರೀನು ನವಿಲಿನ ಹಾಗೆ ಹೊಳೆಯಿತು. ಕಿವಿಗೆ ಹೆಡ್‌ಫೋನು ಹಾಕಿದೆ. ಗರ್ರ್ ಅಂತ ಒಂದೇ ಸಮ ಕೊರೆತ, ಗುಂಡಿ ಸ್ವಲ್ಪ ತಿರುಗಿಸಿದರೆ ಶಿಳ್ಳೆ, ಇನ್ನೂ ಸ್ವಲ್ಪ ತಿರುಗಿಸಿದರೆ ಮತ್ತೊಂದು ಶಿಳ್ಳೆ. ಅದರಡಿ ಯಾರೋ ಬಾವಿಯ ತಳದಿಂದ ಮಾತಾಡಿದಂತೆ. ನನ್ನ ದನಿ ಅವರಿಗೆ ಚೊಕ್ಕಟ ಹೋಗುತ್ತಿತ್ತು. ಅವರದು ನನಗೆ ಕೇಳುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕೊಂಡಾಪುರದವನ ಅರ್ಧ ಮಾತು ಸಿಕ್ಕಿತು: "...ಹೊಸ ಮಾರಿ ಹಚ್ಚಿ ಕಿವಿ ಕಳಕೊಂಡ್ರೇನ್ರಿ?" ಹಿಂದೆ ನಗು.

ನನ್ನ ನೆತ್ತಿಗೆ ರಕ್ತ ಏರಿತು.

ಗದ್ದಲ ಬಂದರೆ ಹ್ಯಾಮ್ ಮಂದಿ ಮೊದಲು ನೋಡುವುದು ಹೊರಗೆ. ಪಕ್ಕದ ಮನೆಯ ಬಲ್ಬು, ಯಾರದೋ ಚಾರ್ಜರು, ಇನ್ವರ್ಟರು. ಕೈಯಲ್ಲಿ ಸಣ್ಣ ರೇಡಿಯೊ ಹಿಡಿದು ಓಣಿ ಸುತ್ತಿ, ಎಲ್ಲಿ ಕೊರೆತ ಜೋರಾಗುತ್ತದೋ ಅಲ್ಲಿ ಕಳ್ಳ ಇದ್ದಾನೆ ಅನ್ನುವುದು ನಮ್ಮ ಪದ್ಧತಿ. ನಾನೂ ಜೇಬಿನ ಶಾರ್ಟ್‌ವೇವ್ ರೇಡಿಯೊ ಹಿಡಿದು ಎದ್ದೆ. ಸೆಟ್ಟನ್ನು ಬಂದ್ ಮಾಡಲಿಲ್ಲ. ನನ್ನ ಎಡವಟ್ಟೆಲ್ಲ ಅಲ್ಲೇ ಇದೆ. ಸೆಟ್ಟಿನಿಂದ ಆಂಟೆನಾ ತಂತಿ ಗೋಡೆಗುಂಟ ಮೇಲೆ ಹೋಗಿ, ತಮ್ಮನ ಬಾಗಿಲ ಮಗ್ಗಲಿಂದ ಮಾಳಿಗೆಗೆ ಏರುತ್ತದೆ. ಸೆಟ್ಟಿನೊಳಗೆ ಹುಟ್ಟಿದ ಗದ್ದಲ ಆ ತಂತಿಗುಂಟ ಹರಿದು ಹೊರಗೆ ಚೆಲ್ಲುತ್ತಿತ್ತು. ಗೇಟಿನ ಹತ್ತಿರ ಮೆಲ್ಲಗೆ ಇತ್ತು. ಮೆಟ್ಟಿಲ ಹತ್ತಿರ ಜೋರಾಯಿತು. ಮೇಲಿನ ಬಾಗಿಲ ಮುಂದೆ, ಹೊಸದಾಗಿ ತಮ್ಮ ತಂದಿಟ್ಟ ಇನ್ವರ್ಟರಿನ ಪಕ್ಕ, ಕೈಯಲ್ಲಿನ ರೇಡಿಯೊ ಚೀರಿತು.

ರಾತ್ರಿ ಪಾಳಿ ಮಾಡಿ ಬಂದವನಿಗೆ ಹಗಲು ಫ್ಯಾನಿಲ್ಲದೆ ನಿದ್ದೆ ಬರುವುದಿಲ್ಲ, ಕರೆಂಟು ಹೋಗುತ್ತದೆ ಅಂತ ತಂದ ಇನ್ವರ್ಟರು ಅದು. ನಾನು ಬಾಗಿಲು ದಬದಬ ಬಡಿದೆ.

"ಅಣ್ಣಾ? ಏನಾತು? ಯಾರಿಗೇನಾತು?" ತಮ್ಮ ಬನಿಯನ್ನಿನಲ್ಲೇ ಓಡಿ ಬಂದ. ಕಣ್ಣು ಕೆಂಡದಂತಿದ್ದವು. ಮಲಗಿ ಒಂದು ತಾಸೂ ಆಗಿರಲಿಲ್ಲ.

"ಇನ್ವರ್ಟರ್ ಬಂದ್ ಮಾಡು."

"ಯಾಕ?"

"ಯಾಕ ಅಂತ ಕೇಳ್ತಿಯೇನಲೇ? ನನ್ನ ಸೆಟ್ಟಿನಾಗ ಕಸ ತುಂಬಾಕತ್ತೈತಿ ಅದು."

ಬಂದ್ ಮಾಡಿದ. ರೇಡಿಯೊ ಚೀರುತ್ತಲೇ ಇತ್ತು.

"ಪ್ಲಗ್ ಕೀಳು."

ಕಿತ್ತ. ಚೀರುತ್ತಲೇ ಇತ್ತು.

"ಬ್ಯಾಟರಿ ವೈರ್ ಬಿಚ್ಚು."

ಅವನ ಹೆಂಡತಿ ಒಳಗಿನಿಂದ ಪಾನಾ ತಂದುಕೊಟ್ಟಳು. ಅವನು ಕೂತು ನಟ್ಟು ಸಡಲಿಸಿ ವೈರು ಬಿಚ್ಚಿ ದೂರ ಹಿಡಿದ. ರೇಡಿಯೊ ಹಾಗೇ ಚೀರುತ್ತಿತ್ತು. ಅವನು ನನ್ನ ಮುಖ ನೋಡಿದ, ನಿದ್ದೆಗಣ್ಣಲ್ಲೇ ನಕ್ಕ.

"ನೋಡಪಾ. ಇದರಾಗ ಈಗ ಜೀವಾನ ಇಲ್ಲ. ನಿನ್ನ ಸ್ಕ್ರೀನಿಂದ ಐತಣ್ಣಾ ಇದು. ನಾ ಅವತ್ತ ಹೇಳಿದ್ದೆ. ಹೋಗಿ ಅದನ್ನ ಬಂದ್ ಮಾಡಿ ನೋಡು, ನಾ ಮಲಗ್ತೀನಿ."

ನನ್ನ ಬಲಗೈ ಎದ್ದದ್ದು ನನಗೆ ನೆನಪಿಲ್ಲ, ಬಿದ್ದದ್ದು ನೆನಪಿದೆ. ಅಂಗೈ ಪೂರ್ತಿ ಅವನ ಎಡಗಿವಿಯ ಮೇಲೆ ಬಿತ್ತು. ಟಪ್ ಅಂತ, ಕಾಗದದ ಚೀಲ ಊದಿ ಒಡೆದ ಹಾಗೆ ಸದ್ದಾಯಿತು. ಅವನು ಪಕ್ಕಕ್ಕೆ ಹೋಗಿ ಮೆಟ್ಟಿಲ ಕಂಬಿಗೆ ತಲೆ ಬಡಿಸಿಕೊಂಡು ಕೂತ. ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಅವನ ಕೈಯಿಂದ ಬಿದ್ದ ಪಾನಾ ಎತ್ತಿಕೊಂಡು ಇನ್ವರ್ಟರಿನ ಮೇಲೆ ಹೊಡೆದೆ. ಒಂದಲ್ಲ, ಹತ್ತು. ಮುಚ್ಚಳ ತಗ್ಗಿತು, ಪ್ಲಾಸ್ಟಿಕ್ಕು ಸಿಡಿದು ನನ್ನ ಹಣೆಗೇ ಬಡಿಯಿತು, ಒಳಗಿನ ಟ್ರಾನ್ಸ್‌ಫಾರ್ಮರು ಬೋರ್ಡಿನಿಂದ ಕಿತ್ತು ಜೋತಾಡಿತು. "ನಿನ್ನ ಓದಿಸಿದ್ದು ನಾನಲೇ! ನನಗ ಕಲಿಸಾಕ ಬರ್ತಿ?" ಅಂತ ಒದರುತ್ತ ಹೊಡೆದೆ. ಅಷ್ಟೂ ಹೊತ್ತು ಆ ಸಣ್ಣ ರೇಡಿಯೊ ನೆಲದ ಮೇಲೆ ಬಿದ್ದು ಚೀರುತ್ತಲೇ ಇತ್ತು. ಅದು ನನಗೆ ಕೇಳುತ್ತಿತ್ತು. ಆದರೂ ಹೊಡೆದೆ.

ಅವನ ಹೆಂಡತಿ ನನ್ನ ಅಂಗಿ ಹಿಡಿದು ಎಳೆದಳು. "ಭಾವಾರ, ರಕ್ತ! ರಕ್ತ ನೋಡ್ರಿ!"

ಆವಾಗ ನೋಡಿದೆ. ಅವನು ಕಿವಿ ಮುಚ್ಚಿಕೊಂಡಿದ್ದ ಬೆರಳ ಸಂದಿಯಿಂದ ಸಣ್ಣ ಎಳೆಯಾಗಿ ಇಳಿಯುತ್ತಿತ್ತು. ಅವನು ಅಳಲಿಲ್ಲ. ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದ, ಕಿವಿಯಲ್ಲಿ ನೀರು ಹೊಕ್ಕವರು ಮಾಡುವಂತೆ.

ಕಿವಿ ಡಾಕ್ಟರು ನೋಡಿ ತಮಟೆ ಹರಿದಿದೆ ಅಂದರಂತೆ. ನೀರು ತಾಗಿಸಬಾರದು, ಜೋರಾಗಿ ಸೀನಬಾರದು, ಎರಡು ತಿಂಗಳು ಕಾಯಬೇಕು. ತಾನೇ ಕೂಡಿಕೊಂಡರೂ ಕೇಳುವುದು ಪೂರ್ತಿ ಬರುತ್ತದೋ ಇಲ್ಲವೋ ಆಮೇಲೆ ತಿಳಿಯುತ್ತದೆ. ಅವನ ಕಂಪನಿಯ ಪರೀಕ್ಷೆಗೂ ಹೆಚ್ಚೂಕಡಿಮೆ ಅಷ್ಟೇ ದಿನ ಇತ್ತು. ನನ್ನ ಜೊತೆ ಅವನು ಆಸ್ಪತ್ರೆಗೆ ಬರಲಿಲ್ಲ. ನಾಲ್ಕನೇ ದಿನ ಒಂದು ಟೆಂಪೊ ಬಂತು. ಮೇಲಿನ ಮನೆಯಿಂದ ಗ್ಯಾಸಿನ ಒಲೆ, ಮಂಚ, ಬಟ್ಟೆಯ ಟ್ರಂಕು ಇಳಿದು ಪಟಾನ್‌ಚೆರುವಿಗೆ ಹೊರಟವು. ಅವನು ಕಿವಿಗೆ ಹತ್ತಿ ಇಟ್ಟುಕೊಂಡು ಟೆಂಪೊದ ಮುಂದೆ ಕೂತಿದ್ದ. ಕೀಲಿ ಕೊಡಲು ಅವನ ಹೆಂಡತಿ ಬಂದಳು.

"ಭಾವಾರ, ಇಷ್ಟು ದಿನ ನೀವು ಹೊಡದ್ರೂ ಅವ್ರು ನಿಮ್ಮನ್ನ ದೇವರು ಅಂದ್ರು. ಆ ಕೆಲಸ ಹೋತಂದ್ರ ಮತ್ತ ಏನ್ ಅಂತಾರ ನೋಡ್ರಿ."

ನಾನು ಕೀಲಿ ಇಸಕೊಂಡೆ. ಖರೆ ಹೇಳಬೇಕೆಂದರೆ ಆವಾಗಲೂ ನನ್ನೊಳಗೆ ಸಿಟ್ಟೇ ಇತ್ತು. ಹೊಡೆದದ್ದು ಹೆಚ್ಚಾಯಿತು, ಆದರೆ ಮಾತು ನನ್ನದೇ ಸರಿ ಅಂತ. ಚಾದ ಅಂಗಡಿಯಲ್ಲಿ ಕೂತು, ಈಗಿನ ಇನ್ವರ್ಟರುಗಳು ಭಾಳ ಕೆಟ್ಟ ಮಾಲು ಅಂತ ಭಾಷಣ ಮಾಡಿದೆ. ಎರಡು ವಾರ ಸೆಟ್ಟಿನ ಮೇಲೆ ಟವೆಲು ಮುಚ್ಚಿಟ್ಟೆ. ಬಂದ್ ಮಾಡಿ ನೋಡಿದರೆ ಒಂದು ನಿಮಿಷದ ಕೆಲಸ. ಆ ಒಂದು ನಿಮಿಷಕ್ಕೆ ನಾನು ಹೆದರಿದ್ದೆ.

ಮೂರನೇ ವಾರ ಒಂದು ಮುಂಜಾನೆ, ಮೇಲಿನ ಮನೆಯಲ್ಲಿ ಯಾರೂ ಇಲ್ಲ, ಮೇನ್ ಸ್ವಿಚ್ಚೇ ಬಂದ್ ಇತ್ತು, ಓಣಿಯ ಕರೆಂಟೂ ಹೋಗಿತ್ತು. ಪಕ್ಕದ ಮನೆಯವರ ಮಿಕ್ಸರು ನಡುವೆಯೇ ನಿಂತು ಅವರು ಬೈಯುವುದು ಕೇಳಿಸಿತು. ನನ್ನ ಸೆಟ್ಟು ನಡೆಯುವುದು ಕಾರಿನ ಬ್ಯಾಟರಿಯ ಮೇಲೆ. ಟವೆಲು ತೆಗೆದು ಚಾಲೂ ಮಾಡಿದೆ.

ಗರ್ರ್.

ಇಡೀ ಓಣಿಯಲ್ಲಿ ಒಂದು ಬಲ್ಬೂ ಉರಿಯುತ್ತಿರಲಿಲ್ಲ. ನಾನು ಡಬ್ಬಿಯ ಮುಚ್ಚಳ ಬಿಚ್ಚಿ, ಸ್ಕ್ರೀನಿಗೆ ಹೋಗುವ ಚಪ್ಪಟೆ ತಂತಿಯನ್ನು ಹಿಡಿದು ಕಿತ್ತೆ. ಬಣ್ಣ ಆರಿತು. ಗದ್ದಲ ನಿಂತಿತು. ಕಿವಿಯೊಳಗೆ ಸಣ್ಣ ಮಳೆಯಂಥ ಸದ್ದು, ಅದರ ಮೇಲೆ ರಾಯಚೂರಿನ ಮುದುಕರ ದನಿ, ಯಾರಿಗೋ ತಮ್ಮ ಮೊಣಕಾಲು ನೋವಿನ ಸುದ್ದಿ ಹೇಳುತ್ತಿದ್ದರು. ಒಂದೊಂದು ಅಕ್ಷರ ಕೇಳಿಸಿತು.

ಅಂಗಡಿಯಿಂದ ಕೊಡತಿ ತಂದೆ. ಸ್ಕ್ರೀನು, ಡಬ್ಬಿ, ನಾಲ್ಕು ವರ್ಷದ ಕಾಯಿಲುಗಳು, ಎಲ್ಲವನ್ನೂ ಹಿಟ್ಟು ಮಾಡುತ್ತೇನೆ ಅಂತ ಎತ್ತಿದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಓಡಿ ಬರಲಿಲ್ಲ, ಚೀರಲಿಲ್ಲ.

"ಮೊದಲು ಅವನ ಕಿವಿ ಆತು. ಈಗ ಇದು. ನಾಳಿ ಯಾರ್ದು, ನಂದೇನು?"

ಎತ್ತಿದ ಕೈ ಇಳಿಸುವುದು ಅಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಕೊಡತಿಯನ್ನು ಅವಳೇ ಬಂದು ತಗೊಂಡಳು.

ಅದೇ ದಿನ ಬಸ್ಸು ಹತ್ತಿದೆ. ಎರಡು ಬಸ್ಸು ಬದಲಿಸಿ ಪಟಾನ್‌ಚೆರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಎರಡರ ಪಾಳಿ ಬಿಡುತ್ತಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಸುತ್ತು ಎಣಿಸಿದ ಹಾಗೆ ಎಣಿಸಿಕೊಂಡಿದ್ದೆ. ಗೇಟಿನ ಎದುರು ಚಾದ ಬಂಡಿಯ ಹತ್ತಿರ ತಮ್ಮ ನಿಂತಿದ್ದ, ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದು ಕೈಯಲ್ಲಿ ಚಾದ ಲೋಟ. ಬಸ್ಸಿಗೆ ಕಾಯುವ ಕೂಲಿಕಾರರು ಸುತ್ತ ಇದ್ದರು. ನನ್ನನ್ನು ನೋಡಿದ, ಆದರೆ ಅವನ ಮುಖ ಬದಲಾಗಲಿಲ್ಲ.

"ಸ್ಕ್ರೀನಿಂದನ ಇತ್ತು," ಅಂದೆ.

"ಏನು?"

"ಸ್ಕ್ರೀನಿಂದನ ಇತ್ತು ಅಂದೆ."

"ಈ ಕಡೆ ಬಂದು ಹೇಳು. ಆ ಕಿವಿ ಕೇಳಂಗಿಲ್ಲ."

ನಾನು ಅವನ ಬಲಕ್ಕೆ ಹೋದೆ. ಅಷ್ಟರಲ್ಲಿ ಮೂರು ಬಸ್ಸು ಒಮ್ಮೆಲೇ ಹಾರ್ನು ಹೊಡೆದವು. "ಜೋರಾಗಿ ಹೇಳು," ಅಂದ. ನನ್ನ ಜೀವಮಾನದಲ್ಲಿ ಯಾರ ಮುಂದೆಯೂ ಆಡದ ಮಾತನ್ನು ನಾನು ಸಂತೆಯಲ್ಲಿ ಕೂಗುವವನಂತೆ ಕೂಗಿದೆ.

"ತಪ್ಪು ನಂದು! ಗದ್ದಲ ನನ್ನ ಸೆಟ್ಟಿನಾಗ ಇತ್ತು! ನಿನ್ನ ಇನ್ವರ್ಟರ್‌ದಲ್ಲ!"

ಬಸ್ಸಿನ ಸಾಲು ತಿರುಗಿ ನೋಡಿತು. ತಮ್ಮ ಚಾದ ಲೋಟ ಬಂಡಿಯ ಮೇಲಿಟ್ಟ. ಹೆಲ್ಮೆಟ್ಟನ್ನು ಅದರ ಪಕ್ಕ ಇಟ್ಟ. ಆಮೇಲೆ ನನ್ನ ಬಾಯಿಗೆ ಗುದ್ದಿದ. ಮುಷ್ಟಿ ಕಟ್ಟಿ, ಹೆಗಲಿನ ಭಾರವೆಲ್ಲ ಹಾಕಿ. ನಾನು ಬಂಡಿಯ ಗಾಲಿಗೆ ಬಿದ್ದೆ, ಕೆಳಗಿನ ಹಲ್ಲೊಂದು ಅಲುಗಾಡಿ ಬಾಯಿ ಉಪ್ಪಾಯಿತು. ಎದ್ದೆ. ಇನ್ನೊಂದು ಗುದ್ದಿದ. ಕೂಲಿಕಾರರು ಬಂದು ಅವನ ತೋಳು ಹಿಡಿದರು. "ಎವಡು ವೀಡು ಸಾರ್?" ಯಾರಿವನು ಅಂತ ಒಬ್ಬ ನನ್ನ ಕೊರಳಪಟ್ಟಿಗೆ ಕೈ ಹಾಕಿದ.

"ಮಾ ಅನ್ನ," ನಮ್ಮಣ್ಣ ಅಂದ ತಮ್ಮ. ಹಿಡಿದ ಕೈ ಸಡಲಿತು.

ಅವನು ಏದುಸಿರು ಬಿಡುತ್ತಿದ್ದ. "ಇದು ಕಿವೀಗಲ್ಲ ತಿಳೀತೇನು? ಬಂದ್ ಮಾಡಿ ತೋರಿಸಿದೆ. ಪ್ಲಗ್ ಕಿತ್ತು ತೋರಿಸಿದೆ. ವೈರ್ ಬಿಚ್ಚಿ ತೋರಿಸಿದೆ. ಆದ್ರೂ ಹೊಡದಿ. ಸಣ್ಣವನಿದ್ದಾಗಿಂದ ಇದನ್ನ ಮಾಡ್ಕೋತ ಬಂದಿ ನೀ." ಕಿವಿಯ ಹತ್ತಿಯನ್ನು ಬೆರಳಿನಿಂದ ಒತ್ತಿಕೊಂಡ. "ಇದರಾಗ ಗುಂಯ್ ಅಂತೈತಿ, ಹಗಲೂ ರಾತ್ರಿ. ನೀ ಡಬ್ಬಿ ಬಂದ್ ಮಾಡ್ತಿ. ನನಗ ಬಟನ್ ಎಲ್ಲೈತಿ?"

ಬಂಡಿಯವನು ಕೊಟ್ಟ ನೀರಿನಿಂದ ಬಾಯಿ ಮುಕ್ಕಳಿಸಿ ಕೆಂಪಗೆ ಉಗುಳಿದೆ. ತಮ್ಮ ತನ್ನ ಬಸ್ಸು ಹತ್ತಿ ಹೋದ.

ಕಿವಿ ಪರೀಕ್ಷೆಗೆ ಫೋನು ಮಾಡಿ ನನ್ನನ್ನು ಕರೆದವಳು ಅವನ ಹೆಂಡತಿ. "ಸೋಮವಾರ ಹತ್ತಕ್ಕೆ ಐತ್ರಿ ಭಾವಾರ. ಅವ್ರು ಕರಿ ಅಂದಿಲ್ಲ. ನಾ ಕರಿಯಾಕತ್ತೀನಿ."

ಕಂಪನಿಯವರು ಕಳಿಸುವ ಆಸ್ಪತ್ರೆ. ಡಾಕ್ಟರು ಚಿಕ್ಕ ವಯಸ್ಸಿನವರು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ತಮಟೆ ಕೂಡಿದೆ, ಕಲೆ ಉಳಿದಿದೆ ಅಂದರು. ಪೆನ್ನು ಹಿಡಿದು ಕೇಳಿದರು, "ಎಟ್ಲ ಅಯಿಂದಿ?" ಹೇಗಾಯಿತು?

"ಬಾತ್‌ರೂಮ್‌ಲ ಜಾರಿ ಪಡ್ಡ ಸಾರ್," ಅಂದ ತಮ್ಮ.

"ಕಾದು ಸಾರ್. ನೇನೇ ಕೊಟ್ಟಿನ," ಅಂದೆ ನಾನು. ಅಲ್ಲ ಸಾರ್, ನಾನೇ ಹೊಡೆದದ್ದು.

ಡಾಕ್ಟರು ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈ ನೋಡಿದರು. ತಮ್ಮ ಮೇಜಿನ ಕೆಳಗೆ ನನ್ನ ಕಾಲನ್ನು ತುಳಿದ. "ಖರೆ ಬರಸಿದ್ರ ಕಿವಿ ವಾಪಸ್ ಬರ್ತೈತೇನು? ಸುಮ್ಮನ ಕೂಡು," ಅಂತ ಕನ್ನಡದಲ್ಲಿ ಹಲ್ಲು ಕಚ್ಚಿ ಅಂದ.

ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಅವನನ್ನು ಕೂರಿಸಿ ಹೆಡ್‌ಫೋನು ಹಾಕಿದರು. ಸದ್ದು ಕೇಳಿದಾಗ ಬೆರಳೆತ್ತಬೇಕು. ಹೊರಗೆ ಹುಡುಗಿಯೊಬ್ಬಳು ಯಂತ್ರದ ಗುಂಡಿ ತಿರುಗಿಸುತ್ತಿದ್ದಳು. ಮೊದಲು ಬಲಗಿವಿ. ಅವಳು ಒತ್ತಿದಾಗಲೆಲ್ಲ ಬೆರಳು ಎದ್ದಿತು. ಆಮೇಲೆ ಎಡಗಿವಿ. ದಪ್ಪ ಸದ್ದಿಗೆ ಎದ್ದಿತು. ಸದ್ದು ಶಿಳ್ಳೆಯಂತೆ ಚೂಪಾಗುತ್ತ ಹೋದಂತೆ ತಡವಾಗಿ ಎದ್ದಿತು. ಆಮೇಲೆ ಅವಳು ಒತ್ತುತ್ತಲೇ ಇದ್ದಳು, ಗುಂಡಿ ತಿರುಗಿಸಿ ಇನ್ನೂ ಜೋರು ಮಾಡುತ್ತಲೇ ಇದ್ದಳು; ಅವನು ಕಣ್ಣು ಮುಚ್ಚಿ, ಹಣೆ ಗಂಟಿಕ್ಕಿ, ಗೋಡೆಯಾಚೆ ಯಾರೋ ಕರೆಯುತ್ತಾರೇನೋ ಅಂತ ಕಿವಿಗೊಟ್ಟವನಂತೆ ಕೂತಿದ್ದ. ತೊಡೆಯ ಮೇಲಿನ ಬೆರಳು ಏಳಲಿಲ್ಲ. ನಾನು ಗಾಜಿನ ಈಚೆ ನಿಂತು, ಏಳಪಾ, ಏಳು, ಅಂತ ಬಾಯೊಳಗೇ ಅನ್ನುತ್ತಿದ್ದೆ.

ಕಾಗದದಲ್ಲಿ ಏನು ಬರೆದರೆಂದು ತಮ್ಮನೇ ಓದಿ ಹೇಳಿದ. ಎಡಗಿವಿಗೆ ಸೈರನ್ನಿನಂಥ ಚೂಪು ಸದ್ದು ಕೇಳುವುದಿಲ್ಲ. ಪ್ಲಾಂಟಿನ ಪಾಳಿಗೆ ಆಗುವುದಿಲ್ಲ. ಹಗಲು ಹೊತ್ತಿನ ಸ್ಟೋರಿಗೆ ಹಾಕಬಹುದು. ಹದಿನೆಂಟು ಮಂದಿಯ ಮೇಲಿನವನು ಇನ್ನು ಮೇಲೆ ಡ್ರಮ್ಮು ಎಣಿಸುವವನು.

"ಮೇಲಿನ ಮನಿ ಹಂಗಾ ಐತಿ," ಅಂದೆ, ಅವನ ಬಲಕ್ಕೆ ನಿಂತು.

"ಯಾರಿಗಾರ ಬಾಡಿಗಿಗೆ ಕೊಡು," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಆಸ್ಪತ್ರೆಯಿಂದ ಹೊರಬಿದ್ದು ರಸ್ತೆ ದಾಟಲು ನಿಂತೆವು. ಅವನ ಹೆಂಡತಿ ಔಷಧಿ ಅಂಗಡಿಯಲ್ಲಿದ್ದಳು. ಅವನು ಬಲಕ್ಕೆ ನೋಡಿ, ಖಾಲಿ ಇದೆ ಅಂತ ಕಾಲಿಟ್ಟ. ಎಡಗಡೆಯಿಂದ, ರಾಂಗ್ ಸೈಡಿನಲ್ಲಿ, ಒಂದು ಆಟೊ ಕಿರ್ರೋ ಅಂತ ಹಾರ್ನು ಹೊಡೆಯುತ್ತ ನುಗ್ಗಿ ಬಂತು. ಬೀದಿಯವರೆಲ್ಲ ತಿರುಗಿ ನೋಡಿದರು, ಅವನೊಬ್ಬನನ್ನು ಬಿಟ್ಟು. ನಾನು ಕೈ ಚಾಚಿ ಅವನ ತೋಳು ಹಿಡಿದು ಹಿಂದಕ್ಕೆ ಎಳೆದೆ. ಅವನು ಬೆಚ್ಚಿ ತಿರುಗಿದ. ಆಟೊ ಅವನ ಹಿಂದೆಯೇ ಹಾದುಹೋಗುತ್ತಿತ್ತು. ಅವನು ಅದನ್ನು ನೋಡಲಿಲ್ಲ. ಅವನ ತೋಳು ಬಿಟ್ಟು ಇನ್ನೂ ಎತ್ತಿಯೇ ಇದ್ದ ನನ್ನ ಕೈಯನ್ನು ನೋಡಿದ, ಎರಡೂ ಮೊಣಕೈ ಮುಖಕ್ಕೆ ಅಡ್ಡ ಹಿಡಿದು, ಕಣ್ಣು ಮುಚ್ಚಿ, ಏಟಿಗೆ ಕಾದು ನಿಂತ.